ತಿಪ್ಪೆ ಒಲ್ಲದ ಸೀಸೆ

ಹುಬ್ಬಳ್ಳಿಯಿಂದ ಗುಂತಕಲ್ಲಿನ ಕಡೆಗೆ ಹೊರಟ ರೈಲು ಗದಗನ್ನು ದಾಟಿದ ಮೇಲೆ ಬಹಳ ಹೊತ್ತು ಎರೆಯ ಬಯಲಿನಲ್ಲಿಯೇ ಓಡುತ್ತದೆ. ಬನ್ನಿಕೊಪ್ಪ, ತಳಕಲ್ಲು, ಭಾನಾಪುರ ಎಂಬ ಚಿಕ್ಕ ನಿಲ್ದಾಣಗಳು ಒಂದೊಂದಾಗಿ ಹಿಂದೆ ಸರಿದಂತೆ ಕಪ್ಪು ನೆಲ ಕೆಂಪಾಗುತ್ತದೆ; ಬಯಲಿನ ನಡುವೆ ಕಲ್ಲುಗಳು ತಲೆಯೆತ್ತುತ್ತವೆ; ಕೊನೆಗೆ ಬಂಡೆಯ ಮೇಲೆ ಬಂಡೆ ಹೇರಿಟ್ಟಂತಹ ಗುಡ್ಡಗಳ ಮಡಿಲಿನಲ್ಲಿ ಕೊಪ್ಪಳ ಕಾಣಿಸಿಕೊಳ್ಳುತ್ತದೆ. ಶ್ರಾವಣ ಮಾಸದಲ್ಲಿ, ನಾಗಪಂಚಮಿ ಮುಗಿದ ವಾರದಲ್ಲಿ ಇಲ್ಲಿ ಇಳಿಯುವ ಪ್ರವಾಸಿಗನಿಗೆ ಮೊದಲು ಕಾಣುವುದು ಕೋಟೆಯಲ್ಲ, ಗುಡ್ಡವಲ್ಲ; ತವರಿನಿಂದ ಗಂಡನ ಮನೆಗೆ ಮರಳುತ್ತಿರುವ ಹೆಣ್ಣುಮಕ್ಕಳ ಕೈಗಳು. ಅಂಗೈಯಲ್ಲಿ ಮದರಂಗಿಯ ಕೆಂಪು, ಬೆರಳ ತುದಿಯಲ್ಲಿ ನೇಲ್ ಪಾಲಿಶ್‌ನ ಹೊಳಪು, ಮಡಿಲಲ್ಲಿ ಉಂಡೆಯ ಡಬ್ಬಿ.

ಮದರಂಗಿ ಹಿತ್ತಿಲಿನ ಗಿಡದಿಂದ ಬಂದದ್ದು. ಅರೆದು ಉಳಿದದ್ದನ್ನು ಹಿತ್ತಿಲಿಗೇ ಎಸೆದರೆ ಮರುದಿನ ಅದು ಮಣ್ಣು. ಆದರೆ ಉಗುರಿನ ಬಣ್ಣದ ಸೀಸೆ ಎಲ್ಲಿಗೆ ಹೋಗಬೇಕು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಊರುಗಳನ್ನು ಸುತ್ತಿ ಬರುವವನಿಗೆ ಗುಡಿ ಗೋಪುರಗಳ ನಡುವೆ ಈ ಸಣ್ಣ ಪ್ರಶ್ನೆಯೂ ಹಿಂಬಾಲಿಸುತ್ತ ಬರುತ್ತದೆ.

ಕೊಪ್ಪಳದಲ್ಲಿ ನೋಡತಕ್ಕದ್ದು ಬೇಕಾದಷ್ಟಿದೆ. ಕೊಪಣನಗರವೆಂದು ಶಾಸನಗಳಲ್ಲಿ ಹೆಸರಾದ ಜೈನತೀರ್ಥವಿದು. ಗವಿಮಠದ ಬಳಿಯ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅವು 1931ರಲ್ಲಿ ಬೆಳಕಿಗೆ ಬಂದವು. ಎರಡು ಸಾವಿರದ ಇನ್ನೂರು ವರ್ಷಗಳ ಬಿಸಿಲು ಮಳೆಗಳನ್ನು ಆ ಅಕ್ಷರಗಳು ತಡೆದುಕೊಂಡಿವೆ. ಆ ಗುಡ್ಡದ ಬುಡದಲ್ಲಿಯೇ ಪ್ರತಿವರ್ಷ ಬನದ ಹುಣ್ಣಿಮೆಯ ಬೆನ್ನಿಗೆ ಶ್ರೀ ಗವಿಸಿದ್ಧೇಶ್ವರರ ಜಾತ್ರೆ ನೆರೆಯುತ್ತದೆ. ಹಳ್ಳಿಹಳ್ಳಿಗಳಿಂದ ಗಾಡಿಗಟ್ಟಲೆ ಬರುವ ಜೋಳದ ರೊಟ್ಟಿ, ಮಾದಲಿ, ಲಕ್ಷಾಂತರ ಜನರ ದಾಸೋಹ; ತೇರು ಎಳೆಯುವ ಹೊತ್ತಿಗೆ ಬಯಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಆ ಜಾತ್ರೆಯ ಅಂಗಡಿ ಸಾಲಿನಲ್ಲಿ ಬಳೆ, ರಿಬ್ಬನ್ನು, ಟಿಕಳಿ, ಪಿನ್ನುಗಳ ಪಕ್ಕದಲ್ಲಿ ಉಗುರುಬಣ್ಣದ ಸೀಸೆಗಳು ಸಾಲಾಗಿ ನಿಂತಿರುತ್ತವೆ. ಹೆಬ್ಬೆರಳ ಗಾತ್ರದ ಸೀಸೆ, ಅಗ್ಗದ ಬೆಲೆ. ಒಂದು ಕಾಲದಲ್ಲಿ ಇದು ಪಟ್ಟಣದ ಸಿರಿವಂತರ ಮೋಜಾಗಿತ್ತು. 1952ರಲ್ಲಿ ಲ್ಯಾಕ್ಮೆ ಸಂಸ್ಥೆ ಹುಟ್ಟಿದ ಮೇಲೆ ಸ್ವದೇಶೀ ಸೌಂದರ್ಯಸಾಧನಗಳು ಮಧ್ಯಮವರ್ಗದ ಮನೆಗಳನ್ನು ಹೊಕ್ಕವು; ಈಗ ಜಾತ್ರೆಗೆ ಬಂದ ಯಾವ ಹುಡುಗಿಯ ಕೈಚೀಲದಲ್ಲಿಯೂ ಒಂದು ಸೀಸೆ ಸಿಕ್ಕೀತು. ಸಿಗಲಿ, ಹಚ್ಚಿಕೊಳ್ಳುವುದರಲ್ಲಿ ತಪ್ಪೇನಿದೆ? ಬಣ್ಣದ ಆಸೆ ಈ ನೆಲಕ್ಕೆ ಹೊಸದಲ್ಲ. ವಿಚಾರ ಮಾಡಬೇಕಾದದ್ದು ಹಚ್ಚಿಕೊಂಡ ಬಣ್ಣವನ್ನು ಕುರಿತಲ್ಲ, ಉಳಿದ ಬಣ್ಣವನ್ನು ಕುರಿತು.

ಆ ಸೀಸೆಯೊಳಗೆ ಇರುವುದೇನು? ಉಗುರಿನ ಮೇಲೆ ಗಟ್ಟಿಯಾಗಿ ಕೂರುವ ಪದರು ಬಹುಮಟ್ಟಿಗೆ ನೈಟ್ರೊಸೆಲ್ಯುಲೋಸ್. ಹಳೆಯ ಕಾಲದ ಸಿನಿಮಾ ರೀಲುಗಳನ್ನು ಮಾಡುತ್ತಿದ್ದುದೂ ಅದರಿಂದಲೇ. ಆ ರೀಲುಗಳು ಹೊತ್ತಿಕೊಂಡರೆ ಆರಿಸುವುದು ಕಷ್ಟವೆಂಬುದನ್ನು ಟಾಕೀಸಿನ ಹಳಬರು ಬಲ್ಲರು. ಅದನ್ನು ಕರಗಿಸಿ ತೆಳುವಾಗಿಡುವ ದ್ರವಗಳು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಮೊದಲಾದವು. ಬಣ್ಣ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಈಥೈಲ್ ಅಸಿಟೇಟಿನ ಆವಿ ಸೊನ್ನೆಗಿಂತ 4 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಅಸಿಟೋನಿನದು ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೂ. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿ ಮೀರುವ ಕೊಪ್ಪಳದ ಬಿಸಿಲಿನಲ್ಲಿ ಅದರ ಮಾತೇನು! ಈ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿಯುತ್ತದೆ. ದೂರದ ಒಲೆಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ.

ಹಾಗೆಂದು ಒಂದು ಸೀಸೆಗೆ ಹೆದರಿ ಮನೆ ಬಿಡಬೇಕಾದದ್ದಿಲ್ಲ. ಆದರೆ ಮನೆಗೊಂದರಂತೆ ಸೀಸೆಗಳು ಊರ ಕಸದ ರಾಶಿ ಸೇರಿದಾಗ ಏನಾಗುತ್ತದೆ ಎಂಬುದನ್ನು ಬಲ್ಲವರು ಪೌರಕಾರ್ಮಿಕರು. ನಸುಕಿನಲ್ಲಿ ಬೀದಿ ಗುಡಿಸುವ ಹೆಣ್ಣುಮಕ್ಕಳು ಕಸವನ್ನು ಕೈಯಿಂದಲೇ ಬಾಚಿ ತಳ್ಳುಗಾಡಿಗೆ ತುಂಬುತ್ತಾರೆ. ಒಡೆದ ಗಾಜು, ಸಿರಿಂಜಿನ ಸೂಜಿ, ಅಂಟು ಬಣ್ಣ ಎಲ್ಲವೂ ಮೊದಲು ತಾಗುವುದು ಆ ಕೈಗಳಿಗೆ. ಎಷ್ಟೋ ಊರುಗಳಲ್ಲಿ ಓಣಿಯ ಮೂಲೆಯ ಕಸದ ಗುಪ್ಪೆಗೆ ಯಾರೋ ಒಬ್ಬರು ಕಡ್ಡಿ ಗೀರಿ ಹೋಗುವ ರೂಢಿಯೂ ಉಂಟು. ಬಿಗಿಯಾಗಿ ಮುಚ್ಚಳ ಹಾಕಿದ ಸೀಸೆ ಆ ಬೆಂಕಿಯಲ್ಲಿ ಸಿಡಿದರೆ ಚೂರು ಯಾರ ಕಣ್ಣಿಗೆ ಹಾರೀತೆಂದು ಹೇಳುವವರಾರು?

“ತಿಪ್ಪಿಗೆ ಒಗದು ಬಾ ಅತ್ಲಾಗ” ಎಂಬುದು ಈ ಸೀಮೆಯ ಮನೆಗಳಲ್ಲಿ ಹಿರಿಯರ ಬಾಯಲ್ಲಿ ತಲೆತಲಾಂತರದಿಂದ ಬಂದ ಮಾತು. ಅವರ ಕಾಲದಲ್ಲಿ ಅದು ಸರಿಯಾದ ಮಾತೇ ಆಗಿತ್ತು. ಬೂದಿ, ಸಗಣಿ, ಸೊಪ್ಪು, ಹರಿದ ಬಟ್ಟೆ, ಒಡೆದ ಗಡಿಗೆ—ಮನೆಯಿಂದ ಹೊರಬೀಳುವ ಯಾವುದನ್ನೂ ತಿಪ್ಪೆ ಬೇಡವೆನ್ನುತ್ತಿರಲಿಲ್ಲ. ವರ್ಷದೊಳಗೆ ಅದನ್ನು ಗೊಬ್ಬರ ಮಾಡಿ ಹೊಲಕ್ಕೆ ಹಿಂದಿರುಗಿಸುತ್ತಿತ್ತು. ದೀಪಾವಳಿಯಂದು ತಿಪ್ಪೆಗೂ ಒಂದು ದೀಪವಿಡುವ ನಾಡಿದು. ಆ ತಿಪ್ಪೆ ಜೀರ್ಣಿಸಿಕೊಳ್ಳಲಾರದ ವಸ್ತುಗಳು ಮನೆ ಹೊಕ್ಕಿರುವುದು ಈಚಿನ ಎರಡು ಮೂರು ತಲೆಮಾರುಗಳಲ್ಲಿ. ವಸ್ತು ಹೊಸದಾಯಿತು, ಎಸೆಯುವ ಕೈಯ ರೂಢಿ ಹಳೆಯದೇ ಉಳಿಯಿತು.

ಸರಕಾರವೇನೋ ಸುಮ್ಮನೆ ಕುಳಿತಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸಗಳ ಜೊತೆಗೆ ‘ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ’ ಎಂಬ ಮೂರನೆಯ ವರ್ಗವನ್ನು ಹೆಸರಿಸಿದವು. ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಕೆಟ್ಟ ಟ್ಯೂಬ್‌ಲೈಟು, ಒಡೆದ ಪಾದರಸದ ಥರ್ಮಾಮೀಟರು, ಅವಧಿ ಮೀರಿದ ಔಷಧಿ, ಬ್ಯಾಟರಿ, ಮನೆಯಲ್ಲಿ ಬಳಸಿದ ಸೂಜಿ ಸಿರಿಂಜು—ಇವೆಲ್ಲ ಆ ವರ್ಗದವು. ಇಂತಹವನ್ನು ಒಪ್ಪಿಸಿಕೊಳ್ಳಲು ಪ್ರತಿ 20 ಚದರ ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ಕೇಂದ್ರವನ್ನು ಸ್ಥಳೀಯ ಸಂಸ್ಥೆ ತೆರೆಯಬೇಕೆಂದೂ ವಿಧಿಸಿದವು. ಅವುಗಳ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊರಡಿಸಿದ ಹೊಸ ನಿಯಮಗಳಲ್ಲಿ ಕಸ ನಾಲ್ಕು ಬಗೆಯಾಗಿದೆ: ಹಸಿ, ಒಣ, ನೈರ್ಮಲ್ಯದ ಕಸ ಮತ್ತು ವಿಶೇಷ ಕಾಳಜಿಯ ಕಸ. ಉಗುರುಬಣ್ಣದ ಸೀಸೆಯ ಹೆಸರು ಪಟ್ಟಿಯಲ್ಲಿ ಎದ್ದು ಕಾಣದಿದ್ದರೂ ಅದರ ಬಂಧುಬಳಗವೆಲ್ಲ ಕೊನೆಯ ಬಗೆಯಲ್ಲಿಯೇ ಇರುವುದರಿಂದ ಅದೂ ಅಲ್ಲಿಗೇ ಸೇರತಕ್ಕದ್ದು.

ಕೊಪ್ಪಳ, ಗಂಗಾವತಿಗಳಲ್ಲಿ ನಗರಸಭೆ, ಕುಷ್ಟಗಿಯಲ್ಲಿ ಪುರಸಭೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿ ಇವೆ. ‘ಈ ಡಬ್ಬಿಯನ್ನು ಎಲ್ಲಿ ಕೊಡಬೇಕು?’ ಎಂದು ಅಲ್ಲಿಗೆ ಹೋಗಿ ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬ ಗೃಹಸ್ಥನದು. ನಲ್ಲಿ ನೀರು ಎರಡು ದಿನ ತಪ್ಪಿದರೆ ಕೊಡ ಹಿಡಿದು ಕಚೇರಿಯ ಮುಂದೆ ನಿಲ್ಲುವ ಜನ ಈ ಪ್ರಶ್ನೆಯನ್ನು ಮಾತ್ರ ಅಷ್ಟು ಗಟ್ಟಿಯಾಗಿ ಕೇಳುವುದಿಲ್ಲ. ಕೇಳುವವರಿಲ್ಲದ ಕೇಂದ್ರ ಕಾಗದದ ಮೇಲೆಯೇ ಉಳಿದರೆ ಆಶ್ಚರ್ಯವೇನು?

ಕೊಪ್ಪಳದ ಜನಕ್ಕೆ ನೆಲ ಜಲಗಳ ಕಾಳಜಿ ಇಲ್ಲವೆಂದಲ್ಲ. ತುಂಗಭದ್ರೆಯನ್ನು ಸೇರುವ ಹಿರೇಹಳ್ಳ ಜಾಲಿಯಿಂದಲೂ ಹೂಳಿನಿಂದಲೂ ಮುಚ್ಚಿಹೋಗಿದ್ದಾಗ, 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಳ್ಳಕ್ಕಿಳಿದರು. ಅವರ ಹಿಂದೆ ಸಾವಿರಾರು ಜನ ಇಳಿದು ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ಹಳ್ಳವನ್ನು ಹಸನು ಮಾಡಿದರು. 2025ರ ಫೆಬ್ರವರಿಯಲ್ಲಿ ಊರಿಗೆ ಹತ್ತಿದ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಇಡೀ ಊರು ಅಂಗಡಿ ಮುಚ್ಚಿ ಬೀದಿಗೆ ಬಂದಿತು. ಚಿಮಣಿಯ ಹೊಗೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಬಚ್ಚಲ ಮೋರಿಗೆ ಸುರಿದ ಅರ್ಧ ಸೀಸೆ ಬಣ್ಣ ಯಾರ ಕಣ್ಣಿಗೂ ಕಾಣುವುದಿಲ್ಲ. ಮೋರಿಯ ನೀರು ಮಾತ್ರ ತಗ್ಗು ಹುಡುಕಿಕೊಂಡು ಹಳ್ಳಕ್ಕೇ ಹೋಗುತ್ತದೆ.

ಹಿರೇಹಳ್ಳದ ಅಣೆಕಟ್ಟಿನ ಆಸುಪಾಸಿನಲ್ಲಿಯೇ ಇದೆ ಕಿನ್ನಾಳ, ಕೊಪ್ಪಳದಿಂದ ಅರ್ಧ ಗಂಟೆಯ ಹಾದಿ. ಬಣ್ಣದ ಮಾತು ಬಂದಾಗ ಈ ಊರನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. ವಿಜಯನಗರದ ಕಾಲದಿಂದ ಬಂದವರೆಂದು ಹೇಳಲಾಗುವ ಚಿತ್ರಗಾರ ಮನೆತನಗಳು ಇಲ್ಲಿ ಹಗುರ ಮರದಲ್ಲಿ ಗೊಂಬೆ, ದೇವರ ಮೂರ್ತಿ, ತೊಟ್ಟಿಲುಗಳನ್ನು ಮಾಡುತ್ತ ಬಂದಿವೆ. ಹುಣಿಸೆಬೀಜದ ಸರಿಯಲ್ಲಿ ಮರದ ಹೊಟ್ಟು, ನೆನೆದ ಗೋಣಿಯ ನಾರುಗಳನ್ನು ಕಲಸಿ ‘ಕಿಟ್ಟ’ ಮಾಡಿ ಸಂದುಗಳನ್ನು ತುಂಬುವರು. ನುಣುಪು ಕಲ್ಲಿನ ಹುಡಿಯನ್ನು ಅಂಟಿನೊಡನೆ ಬೆರೆಸಿ ಆಭರಣಗಳ ಉಬ್ಬು ತೆಗೆಯುವರು. ತವರದ ತಗಡನ್ನು ಬಡಿದು ಅರೆದು ಮಾಡಿದ ‘ಲಾಜವಾರ’ದ ಲೇಪ ಹಚ್ಚಿ ಉಜ್ಜಿದರೆ ಮೂರ್ತಿ ಬಂಗಾರದಂತೆ ಬೆಳಗುವುದು. ಹಿಂದೆ ಬಣ್ಣಗಳು ಗಿಡ, ಕಲ್ಲು, ಮಣ್ಣುಗಳಿಂದ ಬರುತ್ತಿದ್ದವು. ತೆಂಗಿನ ಚಿಪ್ಪಿನಲ್ಲಿ ಕಲಸಿದ ಬಣ್ಣ ಅಂದೇ ತೀರಬೇಕು, ಉಳಿಸಿದರೆ ಕೆಡುತ್ತದೆ. ಈಗ ಅಂಗಡಿಯ ಡಬ್ಬಿಯ ಬಣ್ಣವೂ ಬಂದಿದೆ, ಬಂದೇ ಬರುತ್ತದೆ. ಕೊಳ್ಳುವವನಿಗೆ ಅಗ್ಗ ಬೇಕು, ಮಾಡುವವನಿಗೆ ಹೊಟ್ಟೆ ತುಂಬಬೇಕು. ಆದರೂ ಚಿಪ್ಪಿನ ಲೆಕ್ಕ ಮರೆಯುವಂತಹದಲ್ಲ: ಬೇಕಾದಷ್ಟೇ ಕಲಸು, ಕಲಸಿದ್ದನ್ನು ತೀರಿಸು.

ಪಟ್ಟಣದ ಮನೆಗಳ ರೀತಿ ಇದಕ್ಕೆ ತೀರ ವಿರುದ್ಧ. ಸುಣ್ಣ, ಕೆಮ್ಮಣ್ಣಿನ ಕಾಲ ಹೋಗಿ ಎನಾಮಲ್ ಬಣ್ಣದ ಕಾಲ ಬಂದ ಮೇಲೆ ದೀಪಾವಳಿಗೆ ಬಾಗಿಲು ಕಿಟಕಿಗಳಿಗೆ ಹಚ್ಚಿ ಉಳಿದ ಕಾಲು ಡಬ್ಬಿ ಅಟ್ಟ ಸೇರುತ್ತದೆ. ಮರುವರ್ಷ ಮನೆಯವರಿಗೆ ಬೇರೆ ಬಣ್ಣದ ಮೇಲೆ ಮನಸ್ಸು! ಹೀಗೆ ಅಟ್ಟದ ಮೇಲೆ ಹತ್ತು ದೀಪಾವಳಿಗಳ ಚರಿತ್ರೆ ಡಬ್ಬಿ ಡಬ್ಬಿಯಾಗಿ ಕುಳಿತಿರುತ್ತದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕಾನೂನು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಡಬ್ಬಿಯಲ್ಲಿ ಅದಕ್ಕೂ ಹೆಚ್ಚಿನ ಸೀಸವಿರಬಹುದು. ಸೀಸವು ಮಕ್ಕಳ ಮಿದುಳಿಗೆ ಶತ್ರು. ಬಾಗಿಲ ಹಳೆಯ ಬಣ್ಣವನ್ನು ಒಣದಾಗಿ ಕೆರೆದು ಧೂಳೆಬ್ಬಿಸುವುದು, ಖಾಲಿ ಡಬ್ಬಿಯಲ್ಲಿ ಕೊತ್ತಂಬರಿ ಬೆಳೆಯುವುದು—ಎರಡೂ ಸಲ್ಲದು.

ಕಿನ್ನಾಳದಿಂದ ಹೊರಳಿ, ಮುನಿರಾಬಾದಿನ ಮೇಲೆ ಹಾದು ಗಂಗಾವತಿಯ ದಾರಿ ಹಿಡಿದರೆ ಲೋಕವೇ ಬದಲಾದಂತೆ ತೋರುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. ಎಡದಂಡೆಯ ಕಾಲುವೆ ಹರಿದಲ್ಲೆಲ್ಲ ಬಂಡೆಯ ಬುಡದವರೆಗೂ ಹಸುರು ಏರಿದೆ. ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳು, ಸಾಲುಸಾಲು ಅಕ್ಕಿ ಗಿರಣಿಗಳು, ರಸ್ತೆಗೆ ಬಾಗಿದ ಬಾಳೆ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಶಿಲಾಯುಗದಾಚೆಯ ಜನ ಕಟ್ಟಿದ ಕಲ್ಲುಮನೆಗಳಂತಹ ಸಮಾಧಿಗಳು ನೂರಾರು ನಿಂತಿವೆ. ಆನೆಗೊಂದಿಯಲ್ಲಿ ವಿಜಯನಗರಕ್ಕಿಂತ ಮುಂಚಿನ ನೆನಪುಗಳಿವೆ. ಅಂಜನಾದ್ರಿಯನ್ನು ಹತ್ತುವವರ ಸಾಲು ಕಡಿಯುವುದಿಲ್ಲ. ಶ್ರಾವಣದಲ್ಲಿ ಎಲ್ಲೆಡೆ ನಾಟಿಯ ಗಡಿಬಿಡಿ. ಕನ್ನಡ ನಾಡಿನ ಎಷ್ಟೋ ಊರುಗಳ ಊಟದ ಎಲೆಯ ಮೇಲೆ ಬೀಳುವ ಸೋನಾ ಮಸೂರಿ ಅನ್ನ ಇಲ್ಲಿಯ ಕೆಸರಿನಿಂದ ಎದ್ದು ಬಂದದ್ದು.

ಭತ್ತಕ್ಕೆ ಶತ್ರುಗಳು ಬಹಳ. ಕಂದು ಜಿಗಿಹುಳು, ಕಾಂಡ ಕೊರೆಯುವ ಹುಳು, ಬೆಂಕಿರೋಗ ಒಂದಾದ ಮೇಲೊಂದು ಬರುತ್ತವೆ. ಅವುಗಳ ಹಿಂದೆಯೇ ಔಷಧಿಯ ಬಾಟಲಿಗಳೂ ಬರುತ್ತವೆ. ವಿಷವನ್ನು ‘ಎಣ್ಣೆ’ ಎಂದೋ ‘ಔಷಧ’ ಎಂದೋ ಕರೆಯುವುದು ಇಲ್ಲಿಯ ವಾಡಿಕೆ. ಆ ಸೌಮ್ಯವಾದ ಹೆಸರೇ ಅರ್ಧ ಅಪಾಯಕ್ಕೆ ಮೂಲ. ಹೆಸರು ಏನೇ ಇರಲಿ, ಬಾಟಲಿಯ ಮೇಲಿನ ತ್ರಿಕೋನ ಸುಳ್ಳಾಡುವುದಿಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ತ್ರಿಕೋನವೆಂದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕೆ ಕೆಳಗಿನದು, ನೀಲಿ ಮಧ್ಯಮ, ಹಸುರು ಅಲ್ಪ. ಓದು ಬಾರದವರೂ ಓದಬಲ್ಲ ಅಕ್ಷರವದು. ಹಸುರೆಂದರೆ ಅಮೃತವೆಂದು ಮಾತ್ರ ತಿಳಿಯಬಾರದು.

ಹೊಲದಲ್ಲಿ ಅರ್ಧ ಬಳಸಿ ಉಳಿದ ಬಾಟಲಿ ಮನೆಗೆ ಬರುತ್ತದೆ. ಅಡಿಗೆಮನೆಯ ಗೂಡಿನಲ್ಲೋ ಮಂಚದ ಕೆಳಗೋ ಕೂರುತ್ತದೆ. ದೊಡ್ಡ ಬಾಟಲಿಯಿಂದ ಸ್ವಲ್ಪವನ್ನು ಸೋಡಾ ಬಾಟಲಿಗೆ ಬಗ್ಗಿಸಿ ನೆರೆಯವರಿಗೆ ಕೊಡುವ ಸ್ನೇಹವೂ ಉಂಟು. ಸೋಡಾ ಬಾಟಲಿಯನ್ನು ಕಂಡ ಮಗು ಏನೆಂದು ತಿಳಿದೀತು? ಖಾಲಿಯಾದ ಮೇಲೆ ಗಟ್ಟಿ ಮುಟ್ಟಾದ ಕ್ಯಾನನ್ನು ಎಸೆಯಲು ಮನಸ್ಸು ಬಾರದು. ತೊಳೆದು ಸೀಮೆಎಣ್ಣೆಗೆ, ಆಮೇಲೆ ನೀರಿಗೆ, ಕೊನೆಗೆ ಅಡಿಗೆಯ ಎಣ್ಣೆಗೆ ಅದು ಬಡ್ತಿ ಪಡೆಯುತ್ತದೆ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ ಎಂಬ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ತೀರಿಕೊಂಡರು. ಅಡಿಗೆಯ ಎಣ್ಣೆಯಲ್ಲಿ ಮಾನೋಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಎಣ್ಣೆಯನ್ನು ಆ ವಿಷದ ಡಬ್ಬಿಯಲ್ಲಿ ಇರಿಸಿದ್ದಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ಬಿಹಾರ ದೂರವಿರಬಹುದು, ಡಬ್ಬಿ ದೂರವಿಲ್ಲ.

ಇದಕ್ಕೆ ಮಾಡತಕ್ಕದ್ದು ಕಷ್ಟದ ಕೆಲಸವೇನಲ್ಲ. ಬಾಟಲಿ ಬರಿದಾದ ಕೂಡಲೇ ಹೊಲದಲ್ಲಿಯೇ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿದು ಬೆಳೆಗೆ ಹೊಡೆಯಬೇಕು. ಅದರಿಂದ ಕೊಟ್ಟ ಹಣದ ಕೊನೆಯ ಹನಿಯೂ ಸಾರ್ಥಕವಾಯಿತು. ಬಳಿಕ ಬಾಟಲಿಯ ತಳಕ್ಕೆ ತೂತು ಹೊಡೆದರೆ ಇನ್ನಾರೂ ಅದರಲ್ಲಿ ಏನನ್ನೂ ತುಂಬಲಾರರು. ಖಾಲಿ ಡಬ್ಬಿಗಳನ್ನು ಮರುಬಳಕೆಗೆ ಸಿಗುವಂತೆ ಹೊರಗೆ ಬಿಡಬಾರದೆಂಬುದು 1971ರ ಆ ನಿಯಮಗಳಲ್ಲಿಯೇ ಇದೆ. ಸಿಂಪರಣೆಯ ಪಂಪನ್ನು ಕಾಲುವೆಯಲ್ಲಿ ತೊಳೆಯುವುದಂತೂ ಕೂಡದು. ಆ ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿಕೊಂಡು ವರ್ಷವಿಡೀ ಕುಡಿಯುವ ಹಳ್ಳಿಗಳು ಕೆಳಗಡೆ ಇವೆ. ಮೇಲಿನ ಊರಿನವನು ತೊಳೆದದ್ದನ್ನು ಕೆಳಗಿನ ಊರಿನ ತಾಯಿ ಕೊಡದಲ್ಲಿ ಹೊತ್ತೊಯ್ಯುತ್ತಾಳೆ.

ಇದು ರೈತರ ಮಾತು, ಪಟ್ಟಣದ ಮನೆಗೇನು ಸಂಬಂಧ ಎನ್ನುವವರು ಒಮ್ಮೆ ತಮ್ಮ ಬಚ್ಚಲಮನೆಯ ಮೂಲೆಯನ್ನು ನೋಡಿಕೊಳ್ಳಲಿ. ಜಿರಳೆಗೆ, ಇಲಿಗೆ, ಗೆದ್ದಲಿಗೆ, ಸೊಳ್ಳೆಗೆ ಒಂದೊಂದು ಡಬ್ಬಿ. ಜೊತೆಗೆ ಶೌಚಾಲಯಕ್ಕೆ ಹಾಕುವ ಆಸಿಡ್. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಬೆರೆಸಿದರೆ ಕ್ಲೋರಿನ್ ಎಂಬ ಉಸಿರುಗಟ್ಟಿಸುವ ಅನಿಲ ಏಳುತ್ತದೆಂಬುದು ಎಷ್ಟು ಗೃಹಿಣಿಯರಿಗೆ ಗೊತ್ತಿದೆ?

‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪೆ ನೋಡಬೇಕು’ ಎಂಬ ನಾಣ್ಣುಡಿಗೆ ತಲೆಬಾಗಿ, ಗಂಗಾವತಿಯಿಂದ ಕನಕಗಿರಿಯ ಕನಕಾಚಲಪತಿಯ ಗುಡಿಯನ್ನು ಕಂಡು, ತಾವರಗೇರಿಯ ಮೇಲೆ ಕುಷ್ಟಗಿಗೆ ಬರಬೇಕು. ಕಾಲುವೆಯ ಹಸುರು ಎಲ್ಲಿ ನಿಂತಿತೋ ಅಲ್ಲಿಂದ ಮಳೆಯನ್ನು ನಂಬಿದ ಸೀಮೆ ಆರಂಭ. ಸಜ್ಜೆ, ಹೆಸರು, ತೊಗರಿಯ ಹೊಲಗಳು. ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿಯ ಲಾರಿಗಳ ಸದ್ದು. ಕುಷ್ಟಗಿ, ಯಲಬುರ್ಗಾ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡಿನ ಕಾಟ ಮೊದಲೇ ಇದೆ. ಕೊಳವೆಬಾವಿಯ ನೀರು ಎಲ್ಲ ಕಡೆಯೂ ಕುಡಿಯಲು ಬರುವುದಿಲ್ಲ. ನೀರಿನ ಬೆಲೆ ಬಲ್ಲ ಇಂತಹ ಊರಿನಲ್ಲಿ ಯಾವ ಪಾತ್ರೆಯನ್ನೂ ಯಾರೂ ಎಸೆಯುವುದಿಲ್ಲ. ಬಣ್ಣದ ದೊಡ್ಡ ಬಕೀಟು, ಆಸಿಡ್ಡಿನ ಕ್ಯಾನು, ಎಲ್ಲವೂ ನೀರಿನ ಪಾತ್ರೆಗಳೇ. ಮಿತವ್ಯಯ ಒಳ್ಳೆಯ ಗುಣವೇ ಹೌದು. ಆದರೆ ಪ್ಲಾಸ್ಟಿಕ್ಕಿನ ಗೋಡೆ ಒಳಗಿದ್ದುದನ್ನು ಹೀರಿಕೊಂಡಿರುತ್ತದೆ. ಎಷ್ಟು ತಿಕ್ಕಿದರೂ ಪೂರ್ತಿ ಬಿಡುವುದಿಲ್ಲ. ಅಂತಹ ಬಕೀಟು ನೆಲ ತೊಳೆಯಲಿಕ್ಕಾಗಲಿ, ಸಿಮೆಂಟು ಕಲಸಲಿಕ್ಕಾಗಲಿ ಆದೀತು, ಕುಡಿಯುವ ನೀರಿಗಲ್ಲ.

ಕುಷ್ಟಗಿಯ ಪೇಟೆಯಲ್ಲಿ ಕಂಡ ಇನ್ನೊಂದು ಮಾತು ಬ್ಯಾಟರಿಯದು. ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಇನ್ವರ್ಟರು ಸಾಮಾನ್ಯ. ಅದರ ಸೀಸದ ಬ್ಯಾಟರಿಗೆ ಬೆಲೆಯುಂಟು. ಅಂಗಡಿಯವನೇ ಹಳೆಯದನ್ನು ಕೊಂಡು ಹೊಸದರಲ್ಲಿ ಮುರಿದುಕೊಳ್ಳುತ್ತಾನೆ. ಆದ್ದರಿಂದ ಅದು ತಿಪ್ಪೆಗೆ ಬೀಳುವುದು ಅಪರೂಪ. ಗಡಿಯಾರದ, ಟಾರ್ಚಿನ ಸೆಲ್ಲುಗಳಿಗೆ ಬೆಲೆಯಿಲ್ಲ, ಅವು ಬೀಳುತ್ತವೆ. ಬೆಲೆ ಬಂದ ಕಸಕ್ಕೆ ತಾನೇ ದಾರಿ ಸಿಗುತ್ತದೆ, ಬೆಲೆಯಿಲ್ಲದ ಕಸಕ್ಕೆ ಯಾರಾದರೂ ದಾರಿ ಮಾಡಬೇಕು. ಅಮೆರಿಕದ ಅನೇಕ ಊರುಗಳಲ್ಲಿ 1980ರ ದಶಕದಿಂದ ಇದಕ್ಕೆಂದೇ ಗೊತ್ತಾದ ದಿನಗಳುಂಟು. ಅಂದು ಜನ ಅಟ್ಟದ ಡಬ್ಬಿಗಳನ್ನೂ ಉಗುರುಬಣ್ಣದ ಸೀಸೆಗಳನ್ನೂ ತಂದು ಒಪ್ಪಿಸಿ ಹೋಗುತ್ತಾರೆ. ವಾರಕ್ಕೊಮ್ಮೆ ಸಂತೆ ಕೂಡುವ ಊರುಗಳಿಗೆ ಗೊತ್ತಾದ ದಿನದಂದು ಒಂದೆಡೆ ಸೇರುವುದನ್ನು ಅಮೆರಿಕದವರು ಕಲಿಸಬೇಕಾಗಿಲ್ಲ. ಸಂಗ್ರಹಿಸಿದ್ದನ್ನು ಕಳಿಸುವ ದಾರಿ ಮಾತ್ರ ಉದ್ದ: ಅಪಾಯಕಾರಿ ತ್ಯಾಜ್ಯವನ್ನು ಶಾಸ್ತ್ರೀಯವಾಗಿ ಹೂಳುವ ನೆಲೆ ಇರುವುದು ಬೆಂಗಳೂರಿನ ಬಳಿ, ದಾಬಸ್‌ಪೇಟೆಯಲ್ಲಿ, ಕೊಪ್ಪಳದಿಂದ ಸುಮಾರು 300 ಕಿಲೋಮೀಟರು.

ಕುಷ್ಟಗಿಗೆ ಈಗ ರೈಲು ಬಂದಿದೆ. ಗದಗ–ವಾಡಿ ಮಾರ್ಗದ ಮೊದಲ ಭಾಗವಾಗಿ ತಳಕಲ್ಲಿನಿಂದ ಕುಷ್ಟಗಿಯವರೆಗೆ ಹಾಕಿದ ಹಳಿಯ ಮೇಲೆ 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಗಾಡಿ ಓಡಲಾರಂಭಿಸಿತು. ಕಿಟಕಿಯ ಪಕ್ಕ ಕುಳಿತರೆ ಯಲಬುರ್ಗಾ ಸೀಮೆಯ ಎರೆ ಮತ್ತೆ ಕಾಣತೊಡಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರು ಎರಂಬರಗೆಯೆಂಬ ಹೆಸರಿನ ಈ ಊರಿನಿಂದ ಆಳಿದರು. ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳು. ಸನಿಹದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಮಹಾದೇವ ದೇವಾಲಯ. ‘ದೇವಾಲಯಗಳ ಚಕ್ರವರ್ತಿ’ ಎಂದು ಶಾಸನವೇ ಅದನ್ನು ಹೊಗಳಿದೆ. ಕಂಬಗಳ ನುಣುಪನ್ನು ಮುಟ್ಟಿ ನೋಡಿದವರು ಅದನ್ನು ಅತಿಶಯೋಕ್ತಿ ಎನ್ನಲಾರರು.

ಯಲಬುರ್ಗಾದ ಸುತ್ತಿನ ಹಳ್ಳಿಗಳಲ್ಲಿ ತಿಪ್ಪೆ ಇನ್ನೂ ಬದುಕಿದೆ. ಬೇಸಗೆಯಲ್ಲಿ ಅದನ್ನು ಕಡಿದು ಬಂಡಿಗೆ ಹೇರಿ ಹೊಲಕ್ಕೆ ಒಯ್ಯುವರು. ಹಿಂದೆ ಬರಿಗಾಲಲ್ಲಿ ತುಳಿದು ಹರಡುತ್ತಿದ್ದ ಗೊಬ್ಬರವನ್ನು ಈಗ ನೋಡಿ ತುಳಿಯಬೇಕು. ಗಾಜಿನ ಚೂರು, ಬ್ಲೇಡು, ಇನ್ಸುಲಿನ್ ಸೂಜಿ, ಬಲ್ಬಿನ ತುಂಡು ಎತ್ತಿನ ಗೊರಸಿಗೂ ನಾಟುತ್ತವೆ, ಆಳಿನ ಅಂಗಾಲಿಗೂ ನಾಟುತ್ತವೆ. ಎರೆಯ ನೆಲ ಬೇಸಗೆಯಲ್ಲಿ ಮೊಳಕಾಲುದ್ದ ಬಿರಿಯುತ್ತದೆ. ಬಿರುಕಿನಲ್ಲಿ ಬಿದ್ದದ್ದನ್ನು ಮಳೆಗಾಲದಲ್ಲಿ ಮುಚ್ಚಿಕೊಂಡು ಬಚ್ಚಿಡುತ್ತದೆ. ಮುಂದಿನ ಪೀಳಿಗೆಯ ನೇಗಿಲಿಗೆ ಅದು ಸಿಗುತ್ತದೆ.

ಹಾಗಾದರೆ ಪಟ್ಟಣದ ಒಂದು ಮನೆ ಇಂದೇ ಮಾಡಬಹುದಾದದ್ದೇನು? ಹಬ್ಬದ ಸಿಹಿತಿಂಡಿ ಬಂದ ಒಂದು ಗಟ್ಟಿ ಡಬ್ಬಿ ಸಾಕು. ಒಲೆಯಿಂದ ದೂರ, ಮಕ್ಕಳ ಕೈಗೆಟುಕದ ಮೇಲಿನ ಗೂಡಿನಲ್ಲಿ ಅದನ್ನಿಟ್ಟು ‘ಅಪಾಯ’ ಎಂದು ಮೇಲೆ ಬರೆಯಬೇಕು. ಉಗುರುಬಣ್ಣದ ಸೀಸೆ ಅರ್ಧ ಉಳಿದಿದ್ದು ಚೆನ್ನಾಗಿದ್ದರೆ ಯಾರಿಗಾದರೂ ಕೊಟ್ಟು ತೀರಿಸುವುದು ಉತ್ತಮ. ಗಟ್ಟಿಯಾಗಿದ್ದರೆ ಅದನ್ನು ಮೋರಿಗೆ ಬಗ್ಗಿಸದೆ, ಒಡೆಯದೆ, ಸುಡದೆ, ಮುಚ್ಚಳ ಬಿಗಿದು ಆ ಡಬ್ಬಿಗೆ ಹಾಕಬೇಕು. ಬಣ್ಣ ಒರೆಸಿದ ಹತ್ತಿಯನ್ನು ಬಯಲ ಗಾಳಿಯಲ್ಲಿ ಆರಿಸಿಯೇ ಬಿಸಾಡಬೇಕು. ಸೂಜಿಗಳಿಗೆ ಬೇರೆ ಗಟ್ಟಿ ಡಬ್ಬಿ. ಪಾದರಸದ ಥರ್ಮಾಮೀಟರು ಒಡೆದರೆ ಕಸಬರಿಗೆ ಮುಟ್ಟಿಸಬಾರದು, ಅದು ಹನಿಯನ್ನು ನೂರು ಹನಿ ಮಾಡುತ್ತದೆ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಎರಡು ಗಟ್ಟಿ ಕಾಗದಗಳಿಂದ ಹನಿಗಳನ್ನು ಕೂಡಿಸಿ ಮುಚ್ಚಳವಿರುವ ಸೀಸೆಗೆ ತುಂಬಬೇಕು. ಡಬ್ಬಿ ತುಂಬಿದ ದಿನ ಕಸದ ಗಾಡಿಯ ಸದ್ದು ಕೇಳಿದಾಗ ಮನೆಯಾಕೆ ಹೊರಗೆ ಬಂದು, “ಅಕ್ಕಾ, ಇದರಾಗ ಗಾಜು, ಸೂಜಿ ಅದಾವ, ಬ್ಯಾರೆ ಇಡ್ರಿ” ಎಂದು ಬಾಯಲ್ಲಿ ಹೇಳಿ ಕೈಗೆ ಕೊಡಬೇಕು. ಕಾನೂನಿನ ಪುಸ್ತಕಕ್ಕಿಂತ ಆ ಒಂದು ಮಾತು ಆ ಅಕ್ಕನ ಬೆರಳುಗಳನ್ನು ಹೆಚ್ಚು ಕಾಯುತ್ತದೆ.

ಗಾಡಿ ಕುಕನೂರನ್ನು ಬಿಟ್ಟು ತಳಕಲ್ಲಿನಲ್ಲಿ ಮುಖ್ಯ ಹಳಿಯನ್ನು ಸೇರುವ ಹೊತ್ತಿಗೆ ಸಂಜೆಯ ಬಿಸಿಲು ಸಜ್ಜೆಯ ತೆನೆಗಳ ಮೇಲೆ ಓರೆಯಾಗಿ ಬಿದ್ದಿರುತ್ತದೆ. ಎದುರಿನ ಬೆಂಚಿನ ಮೇಲೆ ಪಂಚಮಿಗೆ ಬಂದು ಹುಬ್ಬಳ್ಳಿಗೆ ಮರಳುತ್ತಿರುವ ಹೊಸ ಮದುವಣಗಿತ್ತಿ. ತಂಗಿ ಜೊತೆಗೆ ಬಂದಿದ್ದಾಳೆ. ಅಕ್ಕನ ಕೈಚೀಲದಿಂದ ಒಂದು ಪುಟ್ಟ ಸೀಸೆಯನ್ನು ತೆಗೆದು, ಓಡುವ ಗಾಡಿಯ ಕುಲುಕಾಟದಲ್ಲಿಯೇ ಉಸಿರು ಬಿಗಿಹಿಡಿದು ಕಿರುಬೆರಳಿಗೆ ಬಣ್ಣ ಹಚ್ಚುತ್ತಾಳೆ, ಸ್ವಲ್ಪ ಚೆಲ್ಲುತ್ತದೆ, ಅಕ್ಕ ಗದರುತ್ತಾಳೆ. ಮದರಂಗಿ ಆಗಲೇ ಮಾಸತೊಡಗಿದೆ. ಸೀಸೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ.